ಎಮಿಲ್ ಹುಡಾಕನ ಹತ್ತನೇ ಹೆಸರು

ಎಮಿಲ್ ಹುಡಾಕನಿಗೆ ಈ ಲೋಕದಲ್ಲಿ ಇದ್ದ ಒಂದೇ ಅಧಿಕಾರವೆಂದರೆ ಹಳೆಯ ಆಟಗಾರರಲ್ಲಿ ಯಾರು ಬೇಸ್‌ಬಾಲಿನ ಕೀರ್ತಿಮಂದಿರ ಸೇರಬೇಕೆಂದು ಮತ ಹಾಕುವುದು. ಮನೆಯಲ್ಲಿ ಹೆಂಡತಿ ರೀಟಾ ಇದ್ದಷ್ಟು ದಿನ ಅವಳ ಮಾತು ನಡೆಯುತ್ತಿತ್ತು, ಪತ್ರಿಕೆಯಲ್ಲಿ ಸಂಪಾದಕನ ಮಾತು. ರೀಟಾ ತೀರಿಕೊಂಡಳು, ಪತ್ರಿಕೆ ಬಾಗಿಲು ಮುಚ್ಚಿತು, ಮತ ಮಾತ್ರ ಉಳಿಯಿತು. ನಿವೃತ್ತ ವರದಿಗಾರರಿಗೂ ಅದು ಕೆಲವು ವರ್ಷ ಇರುತ್ತದೆ. ಪೆನ್ಸಿಲ್ವೇನಿಯಾದ ಆ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ, ಅದರ ಹಿಂದೆಯೇ ರೇಷ್ಮೆ ಗಿರಣಿಯೂ ಮುಚ್ಚಿ, ಜಂಬ ಕೊಚ್ಚಿಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಹಾಗಾಗಿ ಎಮಿಲ್‌ನ ಮತವನ್ನು ಊರವರು ತಮ್ಮೆಲ್ಲರ ಸೊತ್ತು ಎಂದುಕೊಂಡಿದ್ದರು. ಅವನಿಗೂ ಅದು ಇಷ್ಟವೇ ಆಗಿತ್ತೆನ್ನಿ.

ಡಿಸೆಂಬರ್ ಬಂತೆಂದರೆ ಓಲ್ಗಾ ಯುರಿಕ್ ನಡೆಸುವ ಹೋಟೆಲು ನ್ಯಾಯಾಲಯವಾಗುತ್ತಿತ್ತು. ಆಟ ಬಿಟ್ಟು ಐದು ವರ್ಷ ಕಳೆದವರ ಹೆಸರು ಆಗ ಮತಕ್ಕೆ ಬರುತ್ತದೆ. ಬೆಳಗಿನ ಮೊಟ್ಟೆ, ಆಲೂಗಡ್ಡೆ, ಸಾಸೇಜು ಮುಗಿಯುವ ಹೊತ್ತಿಗೆ ನಾಲ್ಕೈದು ಮಂದಿ ಆಟಗಾರರಿಗೆ ಗಲ್ಲು ಆಗಿರುತ್ತಿತ್ತು. ವಾದ ಮಾಡುವವರು ಇಬ್ಬರೇ: ಬಸ್ ಓಡಿಸಿ ನಿವೃತ್ತನಾದ ಸ್ಟಾಷ್ ಮತ್ತು ಕ್ಷೌರದಂಗಡಿಯ ಐವರ್. ಗಲಾಟೆ ಮಾತ್ರ ಇಪ್ಪತ್ತು ಜನರದ್ದು.

"ಆ ಕ್ಲಿಯಾನ್ ಬ್ಯಾಟ್ಸ್‌ನ ಒಳಗೆ ಬಿಡ್ಬೇಕಂತೆ! ಹದಿನೆಂಟು ವರ್ಷ ಚೆಂಡು ಎಸೆದನಂತೆ. ನಾನು ಮೂವತ್ತು ವರ್ಷ ಬಸ್ ಓಡಿಸ್ದೆ. ನನ್ನ ಹೆಸರು ಯಾವ ಗೋಡೆ ಮೇಲಿದೆ ತೋರ್ಸು," ಎಂದ ಸ್ಟಾಷ್.

"ನಿನ್ನ ಬಸ್ಸಲ್ಲಿ ಕೂತಿದ್ದವರ ಹೆಸರು ಗೋಡೆ ಮೇಲಿರ್ಬೇಕು ಕಣೋ, ಜೀವ ಸಮೇತ ಇಳಿದಿದ್ದಕ್ಕೆ," ಎಂದ ಐವರ್. "ಬ್ಯಾಟ್ಸ್ ಪಾಪ ಹತ್ತು ವರ್ಷದಿಂದ ಬಾಗಿಲಲ್ಲಿ ನಿಂತಿದ್ದಾನೆ. ಇದೇ ಕೊನೆ ಸಲ. ಈಗಲೂ ಆಗ್ಲಿಲ್ಲ ಅಂದ್ರೆ ಮುಗೀತು."

"ಮತ್ತೆ ಗ್ರೀನ್‌ಲಾ?" ಎಂದ ಸ್ಟಾಷ್.

"ಕಳ್ಳತನದಲ್ಲಿ ಶಕ್ತಿ ಬರೋ ಸೂಜಿಮದ್ದು ಚುಚ್ಚಿಸ್ಕೊಂಡು ಬ್ಯಾಟ್ ಬೀಸ್ದೋನು. ಅವನ ಮಾತೆತ್ಬೇಡ."

"ಸೂಜಿ ಚುಚ್ಚಿಸ್ಕೊಂಡ್ರೆ ಚೆಂಡು ತಾನಾಗೇ ಬಂದು ಬ್ಯಾಟಿಗೆ ತಾಗತ್ತೇನಯ್ಯ? ನಾನೂ ಸಕ್ಕರೆ ಕಾಯಿಲೆಗೆ ದಿನಾ ಚುಚ್ಕೋತೀನಿ, ಮನೆ ಮೆಟ್ಟಿಲು ಹತ್ತೋಕಾಗಲ್ಲ!"

ಇಬ್ಬರೂ ಜಗಳವಿಲ್ಲದೆ ಒಪ್ಪುತ್ತಿದ್ದದ್ದು ಒಂದೇ ಹೆಸರನ್ನು, ಪೀಟರ್ ಯುರಿಕ್. ಓಲ್ಗಾಳ ತಮ್ಮ. ಆ ವರ್ಷ ಮೊದಲ ಸಲ ಅವನ ಹೆಸರು ಪಟ್ಟಿಗೆ ಬಂದಿತ್ತು. ಅವನ ಬ್ಯಾಟಿಂಗ್ ಸಾಧಾರಣ ಎನ್ನಬೇಕು. ಆದರೆ ಎರಡನೇ ಬೇಸಿನ ಬಳಿ ಅವನು ನಿಂತನೆಂದರೆ ಆ ಕಡೆ ನೆಲದ ಮೇಲೆ ಚೆಂಡು ಹೋಗುವ ಹಾಗೇ ಇರಲಿಲ್ಲ. ತಾಯಿ ಸತ್ತಾಗ ಪೀಟರ್ ಇನ್ನೂ ಚಿಕ್ಕವನು. ಓಲ್ಗಾ ಗಿರಣಿಯಲ್ಲಿ ದುಡಿದು, ಆಮೇಲೆ ಈ ಹೋಟೆಲಿನ ಒಲೆಯ ಮುಂದೆ ನಿಂತು ಅವನನ್ನು ಬೆಳೆಸಿದಳು. ಮದುವೆಯ ಮಾತು ಬಂದಾಗಲೆಲ್ಲ ಈ ಸೀಸನ್ ಮುಗಿಯಲಿ ಎನ್ನುತ್ತಿದ್ದಳು. ಸೀಸನ್‌ಗಳು ಮುಗಿಯುತ್ತಲೇ ಹೋದವು. ಶಾಲೆಯ ಮೈದಾನದಲ್ಲಿ ಆ ಹುಡುಗ ಚೆಂಡು ಹಿಡಿಯುವುದನ್ನು ನೋಡಿ ಪತ್ರಿಕೆಯಲ್ಲಿ ಮೊಟ್ಟಮೊದಲು ಬರೆದವನು ಎಮಿಲ್. ಆ ತುಂಡು ಇವತ್ತಿಗೂ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಗಾಜಿನೊಳಗಿದೆ.

"ಬೇರೆಯವರ ವಿಷಯ ಏನಾದ್ರೂ ಮಾಡ್ಕೊಳ್ಳಿ," ಎನ್ನುತ್ತಿದ್ದಳು ಓಲ್ಗಾ, ಕಾಫಿ ಸುರಿಯುತ್ತ. "ನಮ್ಮ ಪೀಟಿಗೆ ಒಂದು ವೋಟಂತೂ ಇಲ್ಲೇ ಕೂತು ಮೊಟ್ಟೆ ತಿಂತಾ ಇದೆ."

ಎಲ್ಲರೂ ನಗುತ್ತಿದ್ದರು. ಎಮಿಲ್ ಕೂಡ.

ಒಬ್ಬ ಮತದಾರ ಹತ್ತು ಹೆಸರಿಗಿಂತ ಹೆಚ್ಚು ಗುರುತು ಮಾಡುವಂತಿಲ್ಲ. ನೂರಕ್ಕೆ ಎಪ್ಪತ್ತೈದು ಮತ ಬಂದವನು ಕೀರ್ತಿಮಂದಿರದ ಒಳಗೆ. ಬಾರದವನು ಮುಂದಿನ ವರ್ಷ ಮತ್ತೆ ನಿಲ್ಲಬಹುದು, ಒಟ್ಟು ಹತ್ತು ವರ್ಷ. ಆದರೆ ನೂರಕ್ಕೆ ಐದಕ್ಕಿಂತ ಕಡಿಮೆ ಬಂದರೆ ಅಲ್ಲಿಗೇ ಅವನ ಹೆಸರು ಹೋಯಿತು. ಒಂದು ಮಧ್ಯಾಹ್ನ ಎಮಿಲ್ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂಬತ್ತು ಹೆಸರಿಗೆ ಸಲೀಸಾಗಿ ಗುರುತು ಹಾಕಿದ. ಹತ್ತನೆಯದಕ್ಕೆ ಪೆನ್ನು ನಿಂತಿತು. ಒಂದು ಜಾಗ, ಇಬ್ಬರು ಮನುಷ್ಯರು: ಬ್ಯಾಟ್ಸ್ ಮತ್ತು ಪೀಟರ್.

ಪೀಟರನಿಗೆ ಹೇಗೂ ಇನ್ನೂ ವರ್ಷಗಳಿವೆ, ಬ್ಯಾಟ್ಸ್‌ಗೆ ಇದೇ ಕಡೆಯದು ಎಂದು ಲೆಕ್ಕ ಹಾಕಿದ. ಪೀಟರನಂಥ ಆಟಗಾರನಿಗೆ ನೂರಕ್ಕೆ ಇಪ್ಪತ್ತಾದರೂ ಬೇರೆಯವರೇ ಹಾಕುತ್ತಾರೆ, ಮುಂದಿನ ವರ್ಷ ನಾನೂ ಸೇರಿಕೊಂಡರಾಯಿತು. ಬೇಸ್‌ಬಾಲ್ ಬರೆಯುವವರೆಲ್ಲ ಹೀಗೆಯೇ ಲೆಕ್ಕ ಹಾಕುತ್ತಾರೆ. ತಪ್ಪೆಂದು ಯಾರೂ ಅನ್ನುವುದಿಲ್ಲ. ಆದರೆ ಅದರಡಿ ಇನ್ನೊಂದು ವಿಷಯವೂ ಇತ್ತು. ದೊಡ್ಡ ಪಟ್ಟಣಗಳ ಬರಹಗಾರರು, ಹಳ್ಳಿ ಮುದುಕ ತನ್ನೂರ ಹುಡುಗನಿಗೇ ಹಾಕಿದ ನೋಡು, ಎಂದು ಮೂಗು ಮುರಿಯಬಾರದು. ನಲವತ್ತು ವರ್ಷ ಸಣ್ಣ ಪತ್ರಿಕೆಯಲ್ಲಿ ದುಡಿದವನಿಗೆ ಈ ಹುಣ್ಣು ಒಳಗೆ ಇದ್ದೇ ಇರುತ್ತದೆ. ಎಮಿಲ್ ಬ್ಯಾಟ್ಸ್‌ಗೆ ಗುರುತು ಹಾಕಿ, ಲಕೋಟೆ ಅಂಟಿಸಿ, ಅಂಚೆಗೆ ಹಾಕಿ ಬಂದ. ತಾನು ದೊಡ್ಡ ನ್ಯಾಯವಂತನೆಂದು ಅವನಿಗೆ ಅನ್ನಿಸಿತು. ಆ ದಿನ ಊಟವೂ ರುಚಿಯಾಗಿತ್ತು.

ಜನವರಿಯಲ್ಲಿ ಫಲಿತಾಂಶ ಹೇಳುವ ದಿನ ಓಲ್ಗಾ ಹೋಟೆಲಿನ ಟೀವಿಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿಟ್ಟಿದ್ದಳು. ಬ್ಯಾಟ್ಸ್ ಗೆದ್ದ. ಒಂದೆರಡು ಮತದಿಂದಲ್ಲ, ಧಾರಾಳವಾಗಿ ಗೆದ್ದ; ಎಮಿಲ್‌ನ ಮತ ಅವನಿಗೆ ಬೇಕೇ ಇರಲಿಲ್ಲ. ಆಮೇಲೆ ಕೆಳಗಿನ ಹೆಸರುಗಳು ಪರದೆಯ ಮೇಲೆ ಒಂದೊಂದಾಗಿ ಮೇಲೆ ಸರಿದವು. ಪೀಟರ್ ಯುರಿಕ್‌ನ ಹೆಸರು ಬರುವಷ್ಟರಲ್ಲಿ ಐವರ್ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ. ನಾನೂರರಲ್ಲಿ ಹತ್ತೊಂಬತ್ತು ಮತ.

"ಇನ್ನೊಂದು," ಎಂದ ಐವರ್. "ಇನ್ನೊಂದೇ ಒಂದು ಬಂದಿದ್ರೆ ನೂರಕ್ಕೆ ಐದು ತುಂಬ್ತಿತ್ತು. ಮುಂದಿನ ವರ್ಷಕ್ಕೆ ಹೆಸರು ಉಳೀತಿತ್ತು."

ಸ್ಟಾಷ್ ಮೇಜು ಗುದ್ದಿದ. "ಯಾವ ಕತ್ತೆಗಳಿಗೆ ವೋಟು ಹಾಕೋ ಹಕ್ಕು ಕೊಟ್ಟಿದ್ದಾರೋ! ಒಬ್ಬನಿಗೆ, ಒಬ್ಬನಿಗಾದ್ರೂ ಕಣ್ಣಿರ್ಬಾರ್ದಿತ್ತಾ?"

ಇನ್ನು ಮುಂದೆ ಎಂದೋ ಕೀರ್ತಿಮಂದಿರದ ಹಿರಿಯರ ಸಮಿತಿ ಅವನ ಹೆಸರನ್ನು ಕೈಗೆತ್ತಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅದು ಬಹುಪಾಲು ಸತ್ತ ಮೇಲೆ ಸಿಗುವ ಮರ್ಯಾದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಓಲ್ಗಾ ಟೀವಿ ಆರಿಸಿದಳು. ಅಳಲಿಲ್ಲ. ಸೇಬಿನ ಪೈ ಕತ್ತರಿಸಿ, ದೊಡ್ಡ ತುಂಡನ್ನು ತಂದು ಎಮಿಲ್‌ನ ಮುಂದಿಟ್ಟಳು.

"ಹತ್ತೊಂಬತ್ತು ಜನರಲ್ಲಿ ಒಬ್ರು ನಮ್ಮೋರು," ಎಂದಳು. "ಊರಿನ ಮಾನ ನೀವು ಉಳಿಸಿದ್ರಿ ಎಮಿಲ್. ನೀವೂ ಹಾಕದೆ ಇದ್ದಿದ್ರೆ ನಾನು ಇವತ್ತೇ ಬಾಗಿಲು ಹಾಕಿ ಮಲಗಿಬಿಡ್ತಿದ್ದೆ."

ಹೇಳಬೇಕಾದದ್ದು ಆಗಲೇ. ಎಮಿಲ್ ಬಾಯಿ ತೆರೆದದ್ದೂ ನಿಜ. ಆದರೆ ಸ್ಟಾಷ್ ಅವನ ಬೆನ್ನು ತಟ್ಟಿದ, ಐವರ್ ಅವನ ಕೈ ಹಿಡಿದುಕೊಂಡ, ತೆರೆದ ಬಾಯಿಗೆ ಅವನು ಪೈಯನ್ನೇ ತುಂಬಿಕೊಂಡ. ಇಷ್ಟು ವರ್ಷದಲ್ಲಿ ಅವನಿಗೆ ಇಂಥ ನಾಚಿಕೆ ಆದದ್ದಿಲ್ಲ.

ಮರುದಿನದಿಂದ ಅವನು ಹೋಟೆಲಿಗೆ ಹೋಗುವುದನ್ನು ಬಿಟ್ಟ. ಮನೆಯಲ್ಲಿ ಬ್ರೆಡ್ಡು ಸುಟ್ಟುಕೊಂಡು ತಿಂದ. ನೆಗಡಿ ಎಂದು ಸುಳ್ಳು ಹೇಳಿದ. ಸುಳ್ಳಿಗೆ ತಕ್ಕ ಶಾಸ್ತಿ ಎಂಬಂತೆ ಓಲ್ಗಾ ಸ್ಟಾಷ್‌ನ ಕೈಯಲ್ಲಿ ಕೋಳಿ ಸಾರು ಕಳಿಸಿದಳು. ಮಾರನೆಯ ದಿನ ಹಿಟ್ಟಿನುಂಡೆಗೆ ಎಲೆಕೋಸು ಬೆರೆಸಿದ ಹಲುಶ್ಕಿ. ಎಮಿಲ್ ಡಬ್ಬಿ ತೊಳೆದು ಹಿಂದಕ್ಕೆ ಕಳಿಸಿದ. ಬೈಸಿಕೊಂಡು ಬದುಕಬಹುದು, ಹೀಗೆ ಸಾರು ಕುಡಿದು ಬದುಕಲು ಆಗುವುದಿಲ್ಲ ಎನಿಸಿ, ಒಂದು ಶನಿವಾರ ಎಲ್ಲ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಕೋಟು ಹಾಕಿಕೊಂಡು ಹೊರಟ.

ಹೋಟೆಲಿನ ಮೂಲೆಯ ಮೇಜಿನಲ್ಲಿ ಪೀಟರ್ ಕೂತಿದ್ದ. ಅಕ್ಕನನ್ನು ನೋಡಲು ಬಂದಿದ್ದನಂತೆ. ಕಿವಿಯ ಬಳಿ ಕೂದಲು ನರೆತಿತ್ತು. ಎಮಿಲ್‌ನನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಓಲ್ಗಾ ಒಲೆಯ ಬಳಿ ಮೊಟ್ಟೆ ಒಡೆಯುತ್ತಿದ್ದಳು.

"ಪೀಟಿ, ನಿನಗೊಂದು ವಿಷಯ ಹೇಳ್ಬೇಕು. ನಾನು..."

"ಗೊತ್ತು, ಮಿಸ್ಟರ್ ಹುಡಾಕ್," ಎಂದ ಪೀಟರ್ ಮೆಲ್ಲಗೆ. "ನನಗೆ ಹಾಕಿದವರಿಗೆಲ್ಲ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂತ ಹುಡುಕಿದೆ. ಬಹಳ ಜನ ಅವರವರ ಪೇಪರಲ್ಲೇ ಬರ್ಕೊಂಡಿದ್ರು. ಹದಿನೆಂಟು ಜನ ಸಿಕ್ಕಿದ್ರು. ಹತ್ತೊಂಬತ್ತನೆಯವರು ನೀವು ಅಂದ್ಕೊಂಡಿದ್ದೆ. ಮೊನ್ನೆ ಸಿಯಾಟಲ್‌ನಿಂದ ಒಬ್ರು, ನಾನೂ ನಿಮಗೆ ಹಾಕಿದ್ದೆ ಅಂತ ತಾವೇ ಫೋನ್ ಮಾಡಿದ್ರು. ಅಲ್ಲಿಗೆ ಹತ್ತೊಂಬತ್ತು."

ಎಮಿಲ್ ಮೇಜಿನ ಮೇಲಿದ್ದ ಉಪ್ಪಿನ ಶೀಶೆಯನ್ನು ನೋಡುತ್ತ ಕೂತ. ಬ್ಯಾಟ್ಸ್‌ನ ಕಡೆಯ ವರ್ಷ, ಹತ್ತನೇ ಜಾಗ, ಬೇರೆಯವರು ಹಾಕುತ್ತಾರೆಂಬ ಲೆಕ್ಕ, ಎಲ್ಲವನ್ನೂ ತೊದಲುತ್ತ ಹೇಳಿದ. ಪಟ್ಟಣದವರ ಮೂಗಿನ ವಿಷಯವನ್ನೂ ಬಿಡಲಿಲ್ಲ.

"ಇಬ್ಬರು ಫೀಲ್ಡರುಗಳ ನಡುವೆ ಎತ್ತರದಿಂದ ಚೆಂಡು ಬೀಳ್ತಾ ಇರತ್ತೆ," ಎಂದ ಪೀಟರ್. "ಅವನು ಹಿಡೀತಾನೆ ಅಂತ ಇವನು, ಇವನು ಹಿಡೀತಾನೆ ಅಂತ ಅವನು. ಇಬ್ರೂ ಒಳ್ಳೆ ಆಟಗಾರರೇ. ಚೆಂಡು ಮಾತ್ರ ನೆಲದಲ್ಲಿ. ಎಷ್ಟು ಸಲ ಹಾಗಾಗಿದೆ ನನಗೂ... ಕೋಪ ಬಂತು, ಸುಳ್ಳು ಹೇಳಲ್ಲ. ಬೇರೆ ಯಾರೇ ಹಾಕದೆ ಇದ್ದಿದ್ರೂ ಅಷ್ಟು ಕೋಪ ಬರ್ತಿರಲಿಲ್ಲ."

"ನಿನ್ನ ಅಕ್ಕನಿಗೆ ಹೇಳೋಕೇ ಬಂದೆ ಕಣೋ ಇವತ್ತು. ಹೇಳಿಬಿಟ್ರೆ ನನಗೆ ನಿದ್ದೆಯಾದ್ರೂ ಬರತ್ತೆ."

"ನಿಮಗೆ ಬರತ್ತೆ," ಎಂದ ಪೀಟರ್. "ಅವಳಿಗೆ ಹೋಗತ್ತೆ."

ಎಮಿಲ್ ಒಲೆಯ ಕಡೆ ತಿರುಗಿ ನೋಡಿದ.

"ದೊಡ್ಡ ಪಟ್ಟಣದವರು ನನ್ನ ಮರೆತದ್ದನ್ನ ಅವಳು ಹೇಗೋ ತಡ್ಕೊಂಡಿದ್ದಾಳೆ. ಯಾಕೆ ಗೊತ್ತಾ? ಊರಿನವರು ಮರೀಲಿಲ್ಲ ಅಂತ. ಅದೊಂದನ್ನ ಅವಳ ಕೈಯಿಂದ ಕಿತ್ಕೋಬೇಡಿ. ನನಗೋಸ್ಕರ ಇನ್ನೇನೂ ಕೇಳಲ್ಲ ನಿಮ್ಮನ್ನ. ಇದೊಂದು ಮಾಡಿ."

ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ ಎಮಿಲ್‌ಗೆ ಈ ತೀರ್ಪು ಬಲು ಭಾರವೆನಿಸಿತು. ಆಗಲಿ ಎಂದು ತಲೆಯಾಡಿಸಿದ.

ಅಷ್ಟರಲ್ಲಿ ಓಲ್ಗಾ ತಟ್ಟೆ ಹಿಡಿದು ಬಂದಳು. ಅವಳ ಹಿಂದೆ, ದಾರಿಯಲ್ಲಿ ಕಾಫಿಗೆಂದು ಲಾರಿ ನಿಲ್ಲಿಸಿ ಬಂದ ಅಪರಿಚಿತ ಚಾಲಕನೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಪೀಟರ್ ಯುರಿಕ್ ಇಲ್ಲಿದ್ದಾನೆಂದು ತಿಳಿದು ಮಾತಾಡಿಸಲು ಬಂದವನು.

"ಇವನು ನನ್ನ ತಮ್ಮ," ಎಂದಳು ಓಲ್ಗಾ. ಆಮೇಲೆ ತಟ್ಟೆಯನ್ನು ಎಮಿಲ್‌ನ ಮುಂದಿಟ್ಟು, ಅವನ ಹೆಗಲ ಮೇಲೆ ಕೈಯಿಟ್ಟಳು. "ಇವರು ಮಿಸ್ಟರ್ ಹುಡಾಕ್. ನನ್ನ ತಮ್ಮನಿಗೆ ವೋಟು ಹಾಕಿದವರು."

ಚಾಲಕ ಖುಷಿಯಿಂದ ಕೈ ಚಾಚಿದ. "ನಿಮ್ಮಂಥೋರು ಇನ್ನೊಬ್ರು ಇರ್ಬೇಕಿತ್ತು ಸಾರ್," ಎಂದ.

ಎಮಿಲ್ ಪೀಟರನ ಮುಖ ನೋಡಿದ. ಪೀಟರ್ ಕಿಟಕಿಯ ಹೊರಗೆ ನೋಡುತ್ತಿದ್ದ. ಎಮಿಲ್ ಎದ್ದು ನಿಂತು ಆ ಕೈ ಹಿಡಿದು ಕುಲುಕಿದ.

"ಹೌದು," ಎಂದ. "ಇನ್ನೊಬ್ರು ಇರ್ಬೇಕಿತ್ತು."