ಇಂದ್ರಮ್ಮನ ಹರಕೆ, ಚಕ್ರಪಾಣಿಯ ಟೀಮು

ನಮ್ಮ ಮೂಡಲಪಾಳ್ಯದ ಇಂದ್ರಮ್ಮನ ಫ್ಲೋರ್ ಮಿಲ್ಲಿಗೆ ರಾಗಿ ಬೀಸಿಸಲು ಬರುವವರು ಒಂದು ಪಾಲಾದರೆ, ಕಬಡ್ಡಿ ಮಾತಾಡಲು ಬರುವವರು ಮೂರು ಪಾಲು. ಮಿಲ್ಲಿನ ಹಿಂದೆಯೇ ಕಾಲೇಜಿನ ಮೈದಾನ. ಕಾಲೇಜು ಬರುವ ಮುಂಚೆ ಅದು ಊರಿನವರ ಹೊಲ. ಸುಗ್ಗಿ ಮುಗಿದ ಮೇಲೆ ಇವರ ಅಪ್ಪಂದಿರು ಅಲ್ಲೇ ಗೆರೆ ಎಳೆದು ಕಬಡ್ಡಿ ಆಡುತ್ತಿದ್ದರಂತೆ. ಹಾಗಾಗಿ ಆ ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಅದರ ಕಬಡ್ಡಿ ಟೀಮು ಸ್ವಂತ ಆಸ್ತಿ. ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದು ನಾನೇಕೆ ಅವರ ಬಾಯಿಗೆ ಬೀಳಲಿ. ನಾನು ಶೋಭಾರಾಣಿ, ಮಿಲ್ಲಿನ ಪಕ್ಕದ ಮಳಿಗೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ನಡುವೆ ಇರುವುದು ಒಂದು ಶೀಟಿನ ಗೋಡೆ. ಅಲ್ಲಿ ಆಡಿದ್ದೆಲ್ಲ ನನ್ನ ಕಿವಿಗೆ ಬೀಳುತ್ತದೆ, ಬೇಡವೆಂದರೂ.

ಟೀಮಿನ ಕೋಚ್ ಚಕ್ರಪಾಣಿ ಬೇರೆ ಯಾರೂ ಅಲ್ಲ, ಇಂದ್ರಮ್ಮನ ಸ್ವಂತ ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಗನವಾಡಿಗೆ ಹೋಗುವ ಕೂಸು. ಇಂದ್ರಮ್ಮನಿಗೂ ಲಂಗ ದಾವಣಿಯ ವಯಸ್ಸು. ಸ್ಕೂಲು ಬಿಟ್ಟು ಅವನಿಗೆ ಉಣ್ಣಿಸಿ, ತೊಳೆಸಿ, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಓಡಿ ಸಾಕಿದವಳು ಅವಳೇ. ಮದುವೆಯಾಗಿ ಗಂಡನ ಮನೆಗೆ ಹೋಗುವಾಗಲೂ ಅವನನ್ನು ಕೈಹಿಡಿದುಕೊಂಡೇ ಹೋದಳು. ಆ ಗಂಡ ಒಳ್ಳೆಯವನು, ಅವನು ಹಾಕಿಕೊಟ್ಟ ಮಿಲ್ಲೇ ಇದು. ಬಹಳ ದಿನ ಬದುಕಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ. ಚಕ್ರಪಾಣಿ ಮಂಡಿ ಮುರಿದುಕೊಳ್ಳುವ ತನಕ ಕಬಡ್ಡಿ ಆಡಿದ, ಆಮೇಲೆ ಕಲಿಸಿದ. ಮದುವೆ ಎಂದರೆ ಮುಂದಿನ ಸೀಸನ್ ಮುಗಿಯಲಿ ಎನ್ನುತ್ತಿದ್ದ. ಹಾಗೇ ತಲೆಯೆಲ್ಲ ನೆರೆತು ಹೋಯಿತು.

ತಮ್ಮನ ಬಗ್ಗೆ ಅವಳ ಮುಂದೆಯೇ ಮಿಲ್ಲಿಗೆ ಬರುವ ಇವರು ಆಡುತ್ತಿದ್ದ ಮಾತು ಕೇಳಿದರೆ ನನಗೇ ಮೈ ಉರಿಯುತ್ತಿತ್ತು. ಮುಂದಾಳು ತಮ್ಮಣ್ಣ, ರಿಟೈರಾದ ಬಸ್ ಡ್ರೈವರ್. ಅವನಿಗೆ ಸರಿಸಮ ಯೋಗಾನಂದ, ಸೈಟು ಮಾರಿಸುವ ಬ್ರೋಕರ್. ಕೋಚ್ ಟೀಮಿಗೆ ಆರಿಸಿ ತಂದ ಹುಡುಗರೇ ಸರಿಯಿಲ್ಲ ಎಂದು ಯೋಗಾನಂದ. ಮಂಡ್ಯದ ಒಳ್ಳೆ ರೈಡರುಗಳನ್ನೆಲ್ಲ ಬೇರೆ ಕಾಲೇಜಿನವರು ಸೀಟು ಕೊಟ್ಟು ಹಾರಿಸಿಕೊಂಡು ಹೋದರು, ಇವನು ಮಾಗಡಿ ಕಡೆಯ ಆ ಒಬ್ಬ ಆನಂದನನ್ನು ನೆಚ್ಚಿಕೊಂಡು ಕೂತ, ಅಂತ. ತಮ್ಮಣ್ಣನದು ಬೇರೆ ರಾಗ. ಆನಂದ ಚಿನ್ನದಂಥ ಹುಡುಗ, ಎಡಗಡೆ ಕಾರ್ನರಿನಲ್ಲಿ ನಿಂತು ಕಾಲು ಹಿಡಿದರೆ ಬಿಟ್ಟ ಇತಿಹಾಸವಿಲ್ಲ, ಆದರೆ ಈ ಕೋಚ್ ಅವನನ್ನು ಉಪವಾಸ ಕೆಡವಿ ಕೊಲ್ಲುತ್ತಿದ್ದಾನೆ. ಬೆಳಿಗ್ಗೆ ಸೌತೆಕಾಯಿ, ರಾತ್ರಿ ಮೊಟ್ಟೆ ಬಿಳಿ. ಮುದ್ದೆ ತಿಂದು ಬೆಳೆದ ಮೈಗೆ ಸೌತೆಕಾಯಿ ಹಾಕಿದರೆ ತೋಳಿಗೆ ಕಸುವು ಎಲ್ಲಿಂದ ಬರಬೇಕು? ದಿನಾ ಇದೇ ಪುರಾಣ. ಕೂತು ಮಾತಾಡುವವರಿಗೆ ಎಲ್ಲವೂ ಸುಲಭ ಬಿಡಿ. ಇಂದ್ರಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

ಈ ವರ್ಷ ಪ್ರಿನ್ಸಿಪಾಲರು ಕಡ್ಡಿ ಮುರಿದಂತೆ ಹೇಳಿದ್ದರು. ಯೂನಿವರ್ಸಿಟಿ ಟೂರ್ನಮೆಂಟಿನಲ್ಲಿ ಸೆಮಿಫೈನಲ್ ಮುಟ್ಟಿದರೆ ಚಕ್ರಪಾಣಿ ಇರುತ್ತಾನೆ, ಇಲ್ಲದಿದ್ದರೆ ಬೇರೆ ಕೋಚ್ ಬರುತ್ತಾನೆ. ವರ್ಷವರ್ಷವೂ ಹೊಸದಾಗಿ ಸಹಿ ಹಾಕಿಸಿಕೊಳ್ಳುವ ಕೆಲಸ ಅದು, ಕೇಳುವವರಿಲ್ಲ. ಈ ಸುದ್ದಿ ತಿಳಿದ ಮೇಲೆ ಇಂದ್ರಮ್ಮನಿಗೆ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ನನ್ನ ಮಳಿಗೆಗೆ ಬಂದು ಸ್ಟೂಲಿನ ಮೇಲೆ ಕುಸಿದಳು.

"ಆ ಮ್ಯಾಟ್ ಬಿಟ್ರೆ ಅವನಿಗೆ ಇನ್ನೇನೂ ಗೊತ್ತಿಲ್ಲ ಕಣೇ ಶೋಭಾ. ಅದನ್ನೂ ಕಿತ್ಕೊಂಡ್ರೆ ನನ್ನ ತಮ್ಮ ಉಳಿಯಲ್ಲ," ಎಂದಳು.

ನಾನು ಏನೋ ಸಮಾಧಾನ ಹೇಳಿದೆ. ಹೇಳುವ ಬಾಯಿಗೆ ಗೊತ್ತಿರುತ್ತದಲ್ಲ, ಹುರುಳಿಲ್ಲವೆಂದು.

ಟೀಮು ಹೇಗೋ ಏಳುತ್ತಾ ಬೀಳುತ್ತಾ ಕ್ವಾರ್ಟರ್ ಫೈನಲ್ ತನಕ ಬಂತು. ಅದೊಂದು ಗೆದ್ದರೆ ಚಕ್ರಪಾಣಿ ಉಳಿದ. ಮ್ಯಾಚು ಭಾನುವಾರ, ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ. ಇಂದ್ರಮ್ಮ ಯಾರನ್ನೂ ಕೇಳದೆ ಶನಿವಾರಕ್ಕೆ ಹರಕೆ ಹೊತ್ತುಬಿಟ್ಟಳು. ಪಕ್ಕದ ಶ್ರೀಗಂಧದ ಕಾವಲಿನಲ್ಲಿ ಅವರ ಮನೆದೇವರು ಮುನೇಶ್ವರನ ಬೇವಿನ ಮರವಿದೆ. ಅಲ್ಲೇ ಮರಿ ಕುಯ್ದು, ಅಲ್ಲೇ ಬೇಯಿಸಿ, ಅಲ್ಲೇ ಉಣ್ಣಬೇಕು; ಒಂದು ಚೂರೂ ಮನೆಗೆ ತರುವಂತಿಲ್ಲ. ಯಾರ ಹೆಸರಿನಲ್ಲಿ ಹರಕೆಯೋ ಅವರಿಗೆ ಮೊದಲನೆಯ ಎಲೆ. ಆ ಎಲೆಯಲ್ಲಿ ಅಗುಳು ಬಿಟ್ಟರೂ ಹರಕೆ ಕೆಟ್ಟಿತು. ಇಂದ್ರಮ್ಮ ಹರಕೆ ಹೊತ್ತದ್ದು ತಮ್ಮನ ಹೆಸರಿನಲ್ಲಲ್ಲ, ಆನಂದನ ಹೆಸರಿನಲ್ಲಿ. ಅವನ ತೋಳು ಗೆದ್ದರೆ ತಾನೇ ತಮ್ಮ ಗೆದ್ದ ಹಾಗೆ. ಕೋಚಿಗೆ ತಿಳಿಸಬೇಡ ಎಂದು ಹುಡುಗನಿಗೆ ಹೇಳಿಕಳಿಸಿದಳು.

ನಾನೂ ಅಲ್ಲಿಗೆ ಹೋಗಿದ್ದೆ, ಅವನ ಪಕ್ಕದ ಎಲೆಯಲ್ಲೇ ಕೂತಿದ್ದೆ. ಆನಂದ ಬಂದಾಗಲೇ ಅವನ ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ಎಲೆಯಲ್ಲಿ ಮುದ್ದೆ, ಮಟನ್ ಸಾರು, ಬೋಟಿ, ಅನ್ನ. ಅವನು ಕೈ ಇಡದೆ ಸುಮ್ಮನೆ ನೋಡುತ್ತಾ ಕೂತ.

"ಅಕ್ಕ, ನಾಳೆ ಬೆಳಿಗ್ಗೆ ತೂಕ ನೋಡ್ತಾರೆ. ನಾನು ನೀರನ್ನೂ ಗುಟುಕು ಗುಟುಕಾಗಿ ಕುಡೀತಾ ಇದೀನಿ," ಎಂದ.

"ಒಂದು ಊಟಕ್ಕೆ ಏನಾಗುತ್ತೋ ಮಗ? ದೇವರ ಎಲೆ ಇದು. ಬಿಟ್ಟೆದ್ರೆ ನನ್ನ ತಮ್ಮನ ಕಥೆ ಮುಗೀತು," ಎಂದಳು ಇಂದ್ರಮ್ಮ. ಅಷ್ಟು ದೊಡ್ಡ ಹೆಂಗಸು ಕೈಯಲ್ಲಿ ಸೌಟು ಹಿಡಿದು ಅಳುತ್ತಾ ಎದುರಿಗೆ ನಿಂತರೆ ಯಾವ ಹುಡುಗ ತಾನೇ ಬೇಡ ಎಂದಾನು! ಅವನು ಉಂಡ. ಹಸಿದ ಹೊಟ್ಟೆ ಬೇರೆ, ಒಂದು ತುತ್ತು ಒಳಗೆ ಹೋದ ಮೇಲೆ ಕೈ ನಿಲ್ಲಲಿಲ್ಲ. ಇಂದ್ರಮ್ಮ ಕಣ್ಣೊರೆಸಿಕೊಂಡು ಮತ್ತೆ ಮತ್ತೆ ಬಡಿಸಿದಳು. ಆ ಹೊತ್ತು ಅವಳ ಮುಖದಲ್ಲಿದ್ದ ನೆಮ್ಮದಿ ನಾನು ಆ ತಿಂಗಳೆಲ್ಲ ನೋಡಿರಲಿಲ್ಲ.

ಭಾನುವಾರ ತಮ್ಮಣ್ಣನ ವ್ಯಾನಿನಲ್ಲಿ ನಾವೆಲ್ಲ ಕೆಂಗೇರಿಗೆ ಹೋದೆವು. ಎಂಬತ್ತೈದು ಕೆ.ಜಿ. ದಾಟಿದವರಿಗೆ ಆ ಆಟದಲ್ಲಿ ಮ್ಯಾಟ್ ಮೇಲೆ ಜಾಗವಿಲ್ಲ ಎಂಬುದು ನನಗೆ ತಿಳಿದದ್ದೇ ಅಲ್ಲಿ. ತೂಕದ ಮೆಷಿನ್ನಿನ ಮೇಲೆ ನಿಂತ ಆನಂದ ಹೆಚ್ಚಿದ್ದ. ಎಷ್ಟು? ಒಂದು ಮುದ್ದೆಯಷ್ಟು. ಇನ್ನೂ ಸ್ವಲ್ಪ ಹೊತ್ತು ಟೈಮು ಇದೆ, ಇಳಿಸಿಕೊಂಡು ಬನ್ನಿ ಎಂದರು. ಚಕ್ರಪಾಣಿ ತನ್ನ ಜಾಕೆಟನ್ನೂ ಅವನಿಗೇ ತೊಡಿಸಿ, ಬಿಸಿಲಿನಲ್ಲಿ ಮೈದಾನ ಸುತ್ತಿಸಿದ. ಮುರಿದ ಮಂಡಿಯಲ್ಲಿ ಕುಂಟುತ್ತಾ ತಾನೂ ಜೊತೆಗೆ ಓಡಿದ. ಹುಡುಗ ಉಗುಳಿದ, ಗಂಟಲಿಗೆ ಬೆರಳು ಹಾಕಿಕೊಂಡ, ಕೊನೆಗೆ ತಲೆಕೂದಲನ್ನೂ ಬೋಳಿಸಿಕೊಂಡ. ಒಮ್ಮೆ ನಮ್ಮ ಮುಂದೆ ಹಾದುಹೋಗುವಾಗ ಇಂದ್ರಮ್ಮನ ಕಡೆ ನೋಡಿ ತಟಕ್ಕನೆ ಮುಖ ತಿರುಗಿಸಿದ. ಅವಳ ಕೈ ನನ್ನ ರಟ್ಟೆ ಹಿಡಿದಿತ್ತು. ಉಗುರು ಇಳಿದ ಗಾಯ ವಾರವಾದರೂ ಮಾಯಲಿಲ್ಲ.

ಆಗಲಿಲ್ಲ. ಅವನನ್ನು ಹೊರಗೆ ಕೂರಿಸಿದರು. ಎದುರಾಳಿ ರೈಡರ್ ಪ್ರತಿ ಸಲವೂ ಅದೇ ಎಡಗಡೆಯಿಂದ ನುಗ್ಗಿ, ಮುಟ್ಟಿ, ನಗುತ್ತಾ ವಾಪಸ್ಸಾದ. ಮೂರೇ ಪಾಯಿಂಟಿನಲ್ಲಿ ಸೋತೆವು.

ಸೋಮವಾರ ಮಿಲ್ಲಿನಲ್ಲಿ ಎಲ್ಲರೂ ಬಾಯಿ ಬಿಟ್ಟರು. ಬಿದ್ದವನಿಗೆ ಆಳಿಗೊಂದು ಕಲ್ಲು. ಒಬ್ಬ ಹುಡುಗನ ತೂಕ ನೋಡಿಕೊಳ್ಳಲಾಗದವನು ಎಂಥ ಕೋಚು ಎಂದು ತಮ್ಮಣ್ಣ. ಸೌತೆಕಾಯಿ ತಿನ್ನಿಸಿ ಕೊಲ್ಲುತ್ತಾನೆ ಎಂದವನೂ ಇವನೇ, ನೆನಪಿರಲಿ. ಕಾಲೇಜಿನ ಮಾನ ಹರಾಜಾಯಿತು ಎಂದು ಯೋಗಾನಂದ. ಇಂದ್ರಮ್ಮ ಮಿಲ್ಲಿನ ಮೋಟಾರು ಆರಿಸಿ ಅವರ ಎದುರು ಬಂದು ನಿಂತಳು.

"ಅವನಿಗೆ ತಿನ್ನಿಸಿದ್ದು ನಾನು. ನಮ್ಮ ಪಾಣಿಗೆ ಗೊತ್ತೇ ಇರ್ಲಿಲ್ಲ," ಎಂದಳು.

ಎಲ್ಲರೂ ತಲೆ ತಗ್ಗಿಸುತ್ತಾರೆ ಎಂದುಕೊಂಡೆ. ಇಲ್ಲ. ಯೋಗಾನಂದ ಕನಿಕರದಿಂದ ನೋಡಿದ. "ಬಿಡಿ ಇಂದ್ರಮ್ಮ, ತಮ್ಮನ ತಪ್ಪು ಅಕ್ಕ ಮೈಮೇಲೆ ಎಳ್ಕೊಳ್ಳೋದು ಸಹಜ," ಎಂದ. ನಾನು ಶೀಟಿನ ಆಚೆಯಿಂದ ಎದ್ದು ಹೋಗಿ, ನನ್ನ ಕಣ್ಣಾರೆ ಕಂಡದ್ದು ಎಂದೆ. ಪಕ್ಕದವರಲ್ಲವೇ, ಹಾಗೇ ಹೇಳುತ್ತೀರಿ ಎಂದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ನಿಮ್ಮ ಮಾತು ಕೇಳಿ ಕೇಳಿಯೇ ಅವಳು ಸೌಟು ಹಿಡಿದದ್ದು ಎಂದು ಬೈದೆ. ಅದೂ ಅವರಿಗೆ ನಾಟಲಿಲ್ಲ.

ಅವರಾದರೂ ನಂಬಿ ಅವನ ಕೆಲಸ ಉಳಿಸಲಿ ಎಂದು ನಾನೂ ಇಂದ್ರಮ್ಮನೂ ಪ್ರಿನ್ಸಿಪಾಲರ ಹತ್ತಿರ ಹೋದೆವು. ಅವರು ಕುರ್ಚಿ ಕೊಟ್ಟು ಕೂರಿಸಿ ಪೂರ್ತಿ ಕೇಳಿದರು. ಆಮೇಲೆ ಮೆತ್ತಗೆ ಹೇಳಿದರು, ಅಜಾಗರೂಕತೆ ತನ್ನದೇ ಎಂದು ಚಕ್ರಪಾಣಿ ಆಗಲೇ ಒಪ್ಪಿಕೊಂಡಾಗಿದೆ, ಆನಂದನೂ ಹೋಟೆಲಿನಲ್ಲಿ ತಿಂದೆ ಎಂದಿದ್ದಾನೆ. ನಿಮ್ಮಂಥ ಅಕ್ಕ ಸಿಗಲು ಪುಣ್ಯ ಮಾಡಿರಬೇಕು ಎಂದು ಕೈಮುಗಿದು ಬಾಗಿಲ ತನಕ ಬಂದು ಕಳಿಸಿದರು. ಗೇಟಿನ ಹತ್ತಿರ ಇಂದ್ರಮ್ಮ ನೆಲದ ಮೇಲೇ ಕೂತುಬಿಟ್ಟಳು. ಎಬ್ಬಿಸಿ ಆಟೋ ಹತ್ತಿಸುವಷ್ಟರಲ್ಲಿ ನನಗೂ ಅಳು ಬಂದಿತ್ತು.

ನಾನೂ ಜೊತೆಗೆ ಹೋದೆ. ಮನೆಯಲ್ಲಿ ಚಕ್ರಪಾಣಿ ಗೋಡೆಗೆ ಒರಗಿ, ಊದಿದ ಮಂಡಿಗೆ ಬಟ್ಟೆ ಸುತ್ತುತ್ತಾ ಕೂತಿದ್ದ. ಇಂದ್ರಮ್ಮ ಚಪ್ಪಲಿಯನ್ನೂ ಬಿಡದೆ ಅವನ ಮುಂದೆ ಹೋಗಿ ಕೂತಳು.

"ನಿಂಗೆ ಗೊತ್ತಿತ್ತಾ?"

"ಮೆಷಿನ್ ಮೇಲೆ ನಿಂತಾಗ್ಲೇ ಆನಂದ ಹೇಳ್ದ. ಯಾರಿಗೂ ಹೇಳ್ಬೇಡ ಅಂತ ಅವನ ಹತ್ರ ಆಣೆ ಹಾಕಿಸ್ಕೊಂಡೆ."

"ಯಾಕೋ? ನಿನ್ನ ಕೆಲಸ ಹೋಯ್ತಲ್ಲೋ ಪಾಣಿ. ನಮ್ಮಕ್ಕ ಮಾಡಿದ್ದು ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು. ಈಗ ನಾನೇ ಹೇಳಿದ್ರೂ ಯಾರೂ ನಂಬ್ತಿಲ್ಲ."

ಅವನು ಬಟ್ಟೆಯ ತುದಿ ಸಿಕ್ಕಿಸಿ, ಕಾಲು ಚಾಚಿದ.

"ನಾಳೆಯಿಂದ ಅವರೆಲ್ಲ ನಿನ್ನ ಅಂಗಡೀಲೇ ಕೂತು ನಿನ್ನ ಬೈತಿದ್ರು ಕಣಕ್ಕ. ನನ್ನ ಬೈಯೋದು ಅವರಿಗೆ ಅಭ್ಯಾಸ ಆಗಿದೆ, ಬೈಕೊಳ್ಳಲಿ ಬಿಡು," ಎಂದ.