ಎರಡರಿಂದ ಎರಡೂವರೆ ನನ್ನ ಪಾಳಿ

ಕಳೆದ ತಿಂಗಳು ಒಂದು ಮಂಗಳವಾರ, ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ನಾನು ಪ್ರಾರ್ಥನೆಗೆಂದು ಮೊಣಕಾಲೂರಿದೆ. ಎರಡೂ ಹತ್ತಕ್ಕೆ ಗೊರಕೆ ಹೊಡೆಯುತ್ತಿದ್ದೆ.

(ಗೊರಕೆಯ ವಿಷಯ ಪಕ್ಕದ ಕೋಣೆಯಲ್ಲಿದ್ದ ನಮ್ಮ ಯಜಮಾನರು ಆಮೇಲೆ ಹೇಳಿದ್ದು; ಅದು ಪ್ರಾರ್ಥನೆಯ ಹೊತ್ತೆಂದು ಅವರಿಗೆ ಗೊತ್ತಿರಲಿಲ್ಲವಂತೆ. ನಾನಿನ್ನೂ ಒಪ್ಪಿಲ್ಲ.)

ನಗಬೇಡಿ. ಪೂಜೆಯಲ್ಲೋ, ಪ್ರವಚನದಲ್ಲೋ, ಪಾದ್ರಿಗಳ ಪ್ರಸಂಗದಲ್ಲೋ ಒಮ್ಮೆಯೂ ತೂಕಡಿಸದ ಭಕ್ತರು ಯಾವ ಮತದಲ್ಲಿದ್ದಾರೆ, ತೋರಿಸಿ ನೋಡೋಣ. ಆದರೆ ನನ್ನ ಪ್ರಕರಣ ಸ್ವಲ್ಪ ಸೀರಿಯಸ್. ನಾನು ನಿದ್ದೆ ಹೊಡೆಯುತ್ತಿದ್ದ ಹೊತ್ತಿನಲ್ಲಿ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಒಬ್ಬ ಮನುಷ್ಯನ ಎದೆ ಸೀಳಿದ್ದರು. ಆ ಅರ್ಧ ಗಂಟೆ ಅವನಿಗಾಗಿ ಎಚ್ಚರವಾಗಿದ್ದು ಪ್ರಾರ್ಥಿಸುತ್ತೇನೆಂದು ಮಾತು ಕೊಟ್ಟವಳು ನಾನೇ.

ಮೊದಲಿನಿಂದ ಹೇಳುತ್ತೇನೆ.

ನಾವಿರುವುದು ಹೈದರಾಬಾದಿನ ತಾರ್ನಾಕದಲ್ಲಿ. ಹುಟ್ಟಿದ್ದು ಧಾರವಾಡ, ಮದುವೆಯಾದ ಮೇಲೆ ಈ ಊರು. ಭಾನುವಾರ ಬೆಳಿಗ್ಗೆ ಎಲ್ಲರ ಜೊತೆ ತೆಲುಗು ಚರ್ಚಿಗೆ ಹೋಗುತ್ತೇವೆ. ಶುಕ್ರವಾರ ಸಂಜೆ ಮಾತ್ರ ನಮ್ಮದೇ ಕನ್ನಡದ ಮನೆಕೂಟ. ಹನ್ನೆರಡು ಮನೆಯವರು, ವಾರಕ್ಕೊಬ್ಬರ ಮನೆಯಲ್ಲಿ ಸೇರುತ್ತೇವೆ. ತೆಲುಗಿನಲ್ಲಿ ಹಾಡಬಹುದು, ಹಿಂದಿಯಲ್ಲಿ ಆಟೋದವನ ಜೊತೆ ಜಗಳ ಆಡಬಹುದು. ದೇವರ ಮುಂದೆ ಅಳಬೇಕೆಂದರೆ ನಮಗೆ ಕನ್ನಡವೇ ಆಗಬೇಕು.

ಅಳುವುದಷ್ಟೇ ಅಲ್ಲ, ಸುದ್ದಿ ಹೇಳುವುದಕ್ಕೂ. ನಮ್ಮ ಕೂಟದ ಪ್ರಾರ್ಥನೆಗಳನ್ನು ನೀವು ಕೇಳಬೇಕು. "ಕರ್ತನೇ, ನಿನಗ ಗೊತ್ತಿದ್ದಂಗ, ಮ್ಯಾಲಿನ ಮನಿಯವರ ಮಗಳು ನಿನ್ನೆ ನೌಕರಿ ಬಿಟ್ಟಾಳ..." ದೇವರಿಗೆ ಗೊತ್ತಿತ್ತು, ಸರಿ. ನಮಗೆ ಗೊತ್ತಿರಲಿಲ್ಲವಲ್ಲ! ಮುಚ್ಚಿದ ಕಣ್ಣುಗಳ ಹಿಂದೆ ಹನ್ನೆರಡು ಮನೆಯವರ ಕಿವಿ ನೆಟ್ಟಗಾಗುತ್ತವೆ.

ಈ ಕೂಟದಲ್ಲಿ ಹಾಡು ಎತ್ತಿಕೊಡುವವನು ದೇವದಾಸ. ಗದಗ ಕಡೆಯವನು, ಐವತ್ತು ದಾಟಿದೆ, ಎತ್ತರದ ದನಿ. ಅವನ ಹೃದಯದ ಒಂದು ಕವಾಟ ಕೆಟ್ಟಿದೆ, ತಡ ಮಾಡದೆ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಅವನ ಹೆಂಡತಿ ಕರುಣಾಗೆ ಈ ಊರಿನಲ್ಲಿ ಅವನನ್ನು ಬಿಟ್ಟರೆ ಯಾರೂ ಇಲ್ಲ. ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಇರುವವರು ನಾವೇ, ಶುಕ್ರವಾರದವರು. ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೇವೆ ಎಂದರೆ ಅವಳು ಒಪ್ಪಲಿಲ್ಲ. "ನೀವು ಅಲ್ಲಿ ಬಂದು ನನ್ನ ಮಾರಿ ನೋಡಿಕೋತ ಕುಂಡ್ರಬ್ಯಾಡ್ರಿ. ಮನ್ಯಾಗ ಕುಂತು ಪ್ರಾರ್ಥನಾ ಮಾಡ್ರಿ, ಅಷ್ಟ ಸಾಕು," ಅಂದಳು.

ಹೀಗಾಗಿ ಸರಪಳಿ ಪ್ರಾರ್ಥನೆ ಎಂದು ನಿರ್ಧಾರವಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಅರ್ಧರ್ಧ ಗಂಟೆಯ ಪಾಳಿ. ಒಬ್ಬರು ಮುಗಿಸಿದ ಕೂಡಲೇ ಇನ್ನೊಬ್ಬರು ಶುರು ಮಾಡಬೇಕು. ಎಲ್ಲಿಯೂ ಕೊಂಡಿ ಕಳಚಬಾರದು. ಇದರ ಚಾರ್ಟ್ ಮಾಡಿದವರು ಸಾಲೋಮನ್ ಅಂಕಲ್. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಹುಟ್ಟಿದವರು. ಅವರು ಮಾಡಿದ ಚಾರ್ಟ್ ಹೇಗಿರುತ್ತದೆ, ನೀವೇ ಊಹಿಸಿ. ಪಾಳಿ ಹಿಡಿದವರು ವಾಟ್ಸಾಪ್ ಗ್ರೂಪಿನಲ್ಲಿ "ಹಿಡಿದೆ" ಎಂದು ಬರೆಯಬೇಕು, ಮುಗಿಸಿದವರು "ಬಿಟ್ಟೆ" ಎಂದು ಬರೆಯಬೇಕು.

"ಮುಂದಿನವರು 'ಹಿಡಿದೆ' ಅಂತ ಬರಿಯೂತನಕ ಹಿಂದಿನವರು ಏಳೂಹಂಗಿಲ್ಲ. ಒಂದ ನಿಮಿಷ ಸುದ್ದಾ ಲೈನ್ ಖಾಲಿ ಇರಬಾರದು, ತಿಳೀತಿಲ್ಲೋ?" ಎಂದರು. ಜೀವನವೆಲ್ಲ ಲೈನ್ ಖಾಲಿ ಇದೆಯೋ ಇಲ್ಲವೋ ನೋಡಿಯೇ ಹಸಿರು ಬಾವುಟ ತೋರಿಸಿದ ಮನುಷ್ಯ!

ನನ್ನ ಹಿಂದಿನ ಪಾಳಿ ಶರೋನ್‌ಳದು. ಉಡುಪಿ ಕಡೆಯ ಹುಡುಗಿ, ಐಟಿ ಕೆಲಸ. ನನ್ನ ಮುಂದಿನದು ಸಾಕ್ಷಾತ್ ಸಾಲೋಮನ್ ಅಂಕಲ್. ನಡುವೆ ನಾನು, ಎರಡರಿಂದ ಎರಡೂವರೆ.

ಆ ದಿನ ಉಪವಾಸ ಇರಬೇಕೆಂದು ನಾನೇ ನನಗೆ ಹೇಳಿಕೊಂಡಿದ್ದೆ. ಒಂದು ಗಂಟೆಗೆ ಪಕ್ಕದ ಮನೆಯವರು ನಾಮಕರಣದ ಊಟವೆಂದು ಮಸಾಲೆಯ ಬಗಾರಾ ಅನ್ನ, ಮಟನ್ ಹಾಕಿದ ಬೇಳೆಸಾರು ದಾಲ್ಚಾ ಕಳಿಸಿದರು. ಬಿಸಿಬಿಸಿ ದಾಲ್ಚಾವನ್ನು ವಾಪಸ್ ಕಳಿಸಿದರೆ ನೆರೆಯವರನ್ನು ಪ್ರೀತಿಸಿದಂತಾಗುತ್ತದೆಯೇ? ಪ್ರೀತಿಸಿದೆ. ಎರಡು ಸಲ ಬಡಿಸಿಕೊಂಡು ಪ್ರೀತಿಸಿದೆ.

ಎರಡಕ್ಕೆ "ಹಿಡಿದೆ" ಎಂದು ಬರೆದು, ಫೋನನ್ನು ಸೈಲೆಂಟ್ ಮಾಡಿ, ಮಂಚದ ಪಕ್ಕ ಮೊಣಕಾಲೂರಿ ಹಾಸಿಗೆಯ ಮೇಲೆ ಹಣೆಯಿಟ್ಟೆ. ಅದೇ ನಾನು ಮಾಡಿದ ತಪ್ಪು. ಹಣೆ ಹಾಸಿಗೆಗೆ ತಾಕಿದರೆ ಅದಕ್ಕೆ ಭಕ್ತಿ ಯಾವುದು, ರಾತ್ರಿ ಯಾವುದು ಎಂದು ಗೊತ್ತಾಗುವುದಿಲ್ಲ.

ಕಣ್ಣು ಬಿಟ್ಟಾಗ ಮೂರೂ ಹತ್ತು. ಮಂಡಿ ಜೋಮು ಹಿಡಿದಿತ್ತು. ಫೋನಿನಲ್ಲಿ ಅಂಕಲ್ಲರ ಮೂರು ಮಿಸ್ಡ್ ಕಾಲ್. ಗ್ರೂಪಿನಲ್ಲಿ "ಸುಶೀಲಾ?" ಎಂದು ಒಂದು, ಬರೀ ಪ್ರಶ್ನಾರ್ಥಕ ಚಿಹ್ನೆ ಇನ್ನೊಂದು. ಎರಡೂ ನಲವತ್ತಕ್ಕೆ, ಕಾದು ಬೇಸತ್ತು, "ಹಿಡಿದೆ" ಎಂದು ಬರೆದಿದ್ದರು.

ಆಗ ನಾನೊಂದು ಕೆಲಸ ಮಾಡಿದೆ. ಇವತ್ತಿಗೂ ನೆನೆದರೆ ಮುಖ ಬಿಸಿಯಾಗುತ್ತದೆ. "ಸಾರಿ ಅಂಕಲ್, ಪ್ರಾರ್ಥನೆಯಲ್ಲಿ ಹೊತ್ತು ಹೋಗಿದ್ದೇ ತಿಳಿಯಲಿಲ್ಲ" ಎಂದು ಬರೆದುಬಿಟ್ಟೆ.

ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ. ಯಾರೋ "ಹಲ್ಲೆಲೂಯಾ" ಅಂದರು. ಅಂಕಲ್ಲರೂ "ದೇವರಿಗೆ ಸ್ತೋತ್ರ" ಎಂದರು. ನಾನು ಸ್ವಲ್ಪ ಹಾಯಾಗಿ ಉಸಿರು ಬಿಟ್ಟೆ.

ನಾಲ್ಕೂವರೆಗೆ ಕರುಣಾಳ ಮೆಸೇಜು ಬಂತು. ಎರಡೂ ಕಾಲಿಗೆ ಡಾಕ್ಟರು ಹೊರಗೆ ಬಂದು, ರಕ್ತ ನಿಲ್ಲುತ್ತಿಲ್ಲ, ಕೈಲಾದದ್ದು ಮಾಡುತ್ತಿದ್ದೇವೆ ಎಂದಿದ್ದರಂತೆ. ಈಗ ನಿಂತಿದೆ, ಐಸಿಯುನಲ್ಲಿದ್ದಾರೆ, ಎರಡು ದಿನ ಏನೂ ಹೇಳಲಾಗದು.

ಎರಡೂ ಕಾಲು!

ಆ ಎರಡು ದಿನ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ಅನ್ನ ಸೇರಲಿಲ್ಲ. ಕೊನೆಗೆ ಯಜಮಾನರ ಹತ್ತಿರ ಹೇಳಿಕೊಂಡು ಅತ್ತೆ. ಅವರು ಪೇಪರಿನಿಂದ ತಲೆ ಎತ್ತಿ, "ನೀ ಮಲಗಿದಿ ಅಂತ ದೇವರೂ ಮಲಗತಾನೇನು? ಅಷ್ಟ ದೊಡ್ಡಾಕಿ ಆಗಬ್ಯಾಡ," ಎಂದರು. ಮಾತು ಸರಿಯೇ. ದೇವರು ಹಾಜರಿ ಪುಸ್ತಕ ಇಟ್ಟುಕೊಂಡು ಕೂರುವವನಲ್ಲ ಎಂದು ನಂಬಿದವಳು ನಾನು. ಆದರೆ ದೇವದಾಸ ಏಳದೇ ಹೋದರೆ ಕರುಣಾಳ ಮುಂದೆ ಯಾವ ನಂಬಿಕೆ ಇಟ್ಟುಕೊಂಡು ನಿಲ್ಲಲಿ?

ದೇವದಾಸ ಎದ್ದ. ಮೂರನೇ ದಿನ ಕಣ್ಣು ಬಿಟ್ಟ, ಹತ್ತನೇ ದಿನ ಮನೆಗೆ ಬಂದ.

ಅಷ್ಟರಲ್ಲಿ ನಾನು ಕೂಟದಲ್ಲಿ ದೊಡ್ಡ ಹೆಸರು ಮಾಡಿದ್ದೆ. ಸುಶೀಲಕ್ಕ ಒಂದು ತಾಸಿನ ಮೇಲೆ ಎದ್ದಿಲ್ಲವಂತೆ, ಅದೂ ಅದೇ ಹೊತ್ತಿನಲ್ಲಂತೆ! ಒಬ್ಬರು ಅಮೀರ್‌ಪೇಟೆಯಲ್ಲಿ ಕೋಚಿಂಗ್‌ಗೆ ಹೋಗುವ ಮಗಳ ಪರೀಕ್ಷೆಗೆ ಪ್ರಾರ್ಥಿಸಿ ಎಂದು ಹಾಲ್ ಟಿಕೆಟ್ಟಿನ ಫೋಟೋ ಕಳಿಸಿದರು. ಇನ್ನೊಬ್ಬರು ಅಳಿಯನ ಕುಡಿತ ಬಿಡಿಸಲು ಕೇಳಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎನ್ನಲಿಲ್ಲ, ಭಕ್ತೆ ಎಂದರು. ಆದರೂ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ.

ಕಳೆದ ಶುಕ್ರವಾರ ದೇವದಾಸನ ಮನೆಯಲ್ಲಿ, ಅವನು ಉಳಿದು ಬಂದದ್ದಕ್ಕೆ ಸ್ತೋತ್ರ ಕೂಟ. ಅವನು ದಿಂಬಿಗೆ ಒರಗಿ ಕುರ್ಚಿಯಲ್ಲಿ ಕೂತಿದ್ದ, ಅರ್ಧಕ್ಕರ್ಧ ಇಳಿದುಹೋಗಿದ್ದ. ಹಾಡು ಎತ್ತಿಕೊಡಲು ಅವನಿಗೆ ಇನ್ನೂ ಶಕ್ತಿ ಇಲ್ಲ. ಹಾಗಾಗಿ ನಾವು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡಿದೆವು. (ಅವನು ಬದುಕಬೇಕಿತ್ತೆಂಬುದಕ್ಕೆ ಅದೊಂದೇ ಕಾರಣ ಸಾಕಿತ್ತು.)

ಹಾಡಿನ ನಂತರ ಕರುಣಾ, ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ಎದ್ದಳು. ಕೈಯಲ್ಲಿ ಮಡಿಸಿ ಮಡಿಸಿ ಹಣ್ಣಾದ ಕಾಗದ. ಸಾಲೋಮನ್ ಅಂಕಲ್ ಮಾಡಿದ ಚಾರ್ಟು.

"ಡಾಕ್ಟರ್ ಹೊರಗ ಬಂದು ಹೇಳಿದಾಗ ಗಡಿಯಾರ ನೋಡಿದೆ," ಎಂದಳು. "ಎರಡೂ ಕಾಲು. ಈ ಚೀಟಿ ನೋಡಿದೆ. ಸುಶೀಲಕ್ಕನ ಹೆಸರು ಇತ್ತು. ಅಕ್ಕ ಕುಂತಾಳ, ಆಕಿ ಬಿಡೂದಿಲ್ಲ ಅಂತ ಧೈರ್ಯ ಬಂತು." ನನ್ನ ಕಡೆ ತಿರುಗಿದಳು. "ಅಕ್ಕಾ, ಅವತ್ತ ಏನಂತ ಪ್ರಾರ್ಥನಾ ಮಾಡಿದ್ರಿ? ಎಲ್ಲಾರ ಮುಂದ ಒಂದೀಟು ಹೇಳ್ರಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಬಹುದಿತ್ತು. ಪತ್ರಿಕೆಗೆ ಅಂಕಣ ಬರೆಯುವ ನನಗೆ ನಾಲ್ಕು ಒಳ್ಳೆಯ ವಾಕ್ಯ ಕಷ್ಟವೇ? ಆದರೆ ಅವಳ ಮುಖ ನೋಡಿದ ಮೇಲೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ನಾ ಮಲಗಿಬಿಟ್ಟಿದ್ದೆ ಕರುಣಾ," ಎಂದೆ.

ಸಾಲೋಮನ್ ಅಂಕಲ್ ಕೆಮ್ಮಿದರು. ಈಗ ನನಗೆ ಚಾರ್ಜ್‌ಶೀಟ್ ಎಂದುಕೊಂಡೆ. ಅವರು ನೆಲ ನೋಡುತ್ತ ಹೇಳಿದರು: "ನಾನೂ ಹೇಳಿಬಿಡತೀನಿ. 'ಹಿಡಿದೆ' ಅಂತ ಬರದೆ, ಖರೆ. ಕೋಠಿ ಬಜಾರಕ್ಕ ಔಷಧ ತರಾಕ ಹೋಗಿದ್ದೆ, ಬಸ್ಸಿನ್ಯಾಗ ನಿಂತಿದ್ದೆ. ಸುಶೀಲಾ ಫೋನ್ ಎತ್ತಲಿಲ್ಲಂತ ಎಂಥಾ ಸಿಟ್ಟು ಬಂದಿತ್ತಂದ್ರ, ತಾರ್ನಾಕ ಬರೂತನಕ ಈಕಿನ್ನ ಬಯ್ಯೂದರಾಗ ಹೋತು."

ಶರೋನ್ ತಲೆ ಬಗ್ಗಿಸಿಕೊಂಡು, "ನಾನು ಆಫೀಸ್ ಮೀಟಿಂಗಲ್ಲಿದ್ದೆ ಆಂಟಿ. ಕ್ಯಾಮೆರಾ ಆಫ್ ಮಾಡಿ ಪ್ರಾರ್ಥನೆ ಮಾಡ್ತಾ ಇದ್ದೆ. ಮ್ಯಾನೇಜರ್ ಎಂತದೋ ಕೇಳಿದ್ರು, ನಾನು ಜೋರಾಗಿ ಆಮೆನ್ ಅಂದುಬಿಟ್ಟೆ. ಆಮೇಲೆ ಪೂರ್ತಿ ಟೆನ್ಷನ್, ಪ್ರಾರ್ಥನೆ ಆಗ್ಲೇ ಇಲ್ಲ," ಎಂದಳು.

ಅಂತೂ ಒಂದೂವರೆಯಿಂದ ಮೂರರವರೆಗೆ ಸ್ವರ್ಗಕ್ಕೆ ನಮ್ಮ ಕಡೆಯಿಂದ ಹೋದದ್ದು ಒಂದು ಗೊರಕೆ, ಒಂದಿಷ್ಟು ಬೈಗುಳ, ಮ್ಯಾನೇಜರಿಗೆ ಹೇಳಿದ ಒಂದು ಆಮೆನ್. ಉಳಿದ ಪಾಳಿಗಳ ತನಿಖೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಆಗ ಕುರ್ಚಿಯಿಂದ ದೇವದಾಸನ ಸಣ್ಣ ದನಿ ಬಂತು. "ಇರ್ಲಿ ಬಿಡ್ರಿ ಅಕ್ಕಾ. ಅವತ್ತ ಎರಡು ಗಂಟೆಕ್ಕ ನಾನೂ ಮಲಗಿದ್ದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ದೇವದಾಸ ಎದೆಗೆ ದಿಂಬು ಒತ್ತಿಕೊಂಡು ನಕ್ಕ. ಕರುಣಾ ಮಾತ್ರ ನಗಲಿಲ್ಲ.

"ಹಂಗಾರ ನಾ ಒಬ್ಬಾಕಿನ ಎಚ್ಚರ ಇದ್ದೆ," ಎಂದಳು.

ನಗು ನಿಂತುಹೋಯಿತು.

"ಎಚ್ಚರ ಇದ್ದೆ, ಆದರ ನನಗೂ ಪ್ರಾರ್ಥನಾ ಮಾಡಾಕ ಆಗಲಿಲ್ಲ. ಬಾಯಾಗ ಒಂದ ಮಾತ ಬರಲಿಲ್ಲ. ಈ ಚೀಟಿ ಹಿಡಕೊಂಡು ಬರೇ ನಿಮ್ಮ ಹೆಸರು ಓದಿದೆ. ಸುಶೀಲಕ್ಕ, ಸಾಲೋಮನ್ ಅಂಕಲ್, ಶರೋನ್. ಮತ್ತ ಮ್ಯಾಲಿಂದ ತಳತನಕ. ಸಂಜೀತನ ಅಷ್ಟ ಮಾಡಿದ್ದು ನಾ." ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟೂ ಇತ್ತು. "ಸುಳ್ಳು ಯಾಕ ಹೇಳಿದ್ರಿ ಅಕ್ಕಾ? ಮಲಗಿದ್ದೆ ಅಂತ ಆವಾಗ ಹೇಳಿದ್ರ ನಾ ಏನ ಅಂತಿದ್ದೆ?"

ಜೊತೆಯಾಗಿ ಪ್ರಾರ್ಥಿಸಲು ಸೇರುವ ನಾವು ಒಬ್ಬರ ಮುಂದೊಬ್ಬರು ಯಾಕಿಷ್ಟು ಇಸ್ತ್ರಿ ಮಾಡಿಕೊಂಡು ಕೂರುತ್ತೇವೆ? ದೇವರಿಗೆ ನಮ್ಮ ಬಣ್ಣವೆಲ್ಲ ಗೊತ್ತು ಎನ್ನುತ್ತೇವೆ. ಪಕ್ಕದ ಚಾಪೆಯವರಿಗೆ ಗೊತ್ತಾಗಬಾರದು, ಅಷ್ಟೆ.

ಕರುಣಾ ಕಣ್ಣೊರೆಸಿಕೊಂಡು ಚಾಪೆ ತೋರಿಸಿದಳು. "ಬರ್ರಿ. ಆ ಅರ್ಧ ತಾಸು ಈಗ ಮಾಡ್ರಿ. ನಾ ಬಾಜೂಕ ಕೂಡತೀನಿ."

ಮೊಣಕಾಲೂರಿದೆ. ಅವಳು ಪಕ್ಕದಲ್ಲೇ ಮೊಣಕಾಲೂರಿ ನನ್ನ ಕೈ ಹಿಡಿದಳು. ಒಳಗೆ ಮಿರ್ಚಿ ಭಜಿ ತಣ್ಣಗಾಗುತ್ತಿತ್ತು, ಅಂಕಲ್ ಅಭ್ಯಾಸಬಲದಿಂದ ವಾಚು ನೋಡಿಕೊಂಡರು. ನನ್ನ ಮಾಮೂಲಿ ಪ್ರಾರ್ಥನೆಯ ಅಲಂಕಾರದ ಮಾತುಗಳು ಒಂದೂ ನೆನಪಾಗಲಿಲ್ಲ. "ದೇವರೇ, ಅವತ್ತ ನಾ ಮಲಗಿಬಿಟ್ಟೆ. ಮ್ಯಾಲೆ ಸುಳ್ಳು ಹೇಳಿದೆ. ಕರುಣಾನ ಒಬ್ಬಾಕಿನ್ನ ಬಿಟ್ಟೆ. ನೀ ಬಿಡಲಿಲ್ಲ," ಎಂದೆ. ಅಷ್ಟೇ ಬಂದದ್ದು. ಆಮೇಲೆ ಅಳು ಬಂತು. ನನ್ನ ಕೈ ಹಿಡಿದಿದ್ದ ಅವಳ ಬೆರಳು ಬಿಗಿಯಾದವು. ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಮೊಣಕಾಲೂರುವ ಸದ್ದು ಕೇಳಿಸಿತು. ವಯಸ್ಸಾದ ಮಂಡಿಗಳು, ಸದ್ದು ಮಾಡದೆ ಬಗ್ಗುವುದಿಲ್ಲ.

ನಮ್ಮ ಪ್ರಾರ್ಥನೆಯಿಂದ ರಕ್ತ ನಿಂತಿತೋ, ಡಾಕ್ಟರ ಕೈಗುಣದಿಂದ ನಿಂತಿತೋ, ನನ್ನನ್ನು ಕೇಳಬೇಡಿ. ಕೂಡಿ ಪ್ರಾರ್ಥಿಸುವುದರ ಶಕ್ತಿ ಏನೆಂದು ಕೇಳಿದರೆ ಮಾತ್ರ ಈಗ ಒಂದು ಉತ್ತರವಿದೆ. ಅಳು ನಿಂತ ಮೇಲೆ ನಾನು ಕಣ್ಣು ಮುಚ್ಚಿ ಸುಮ್ಮನಾದೆ. ಎರಡು ನಿಮಿಷ ಆಗಿರಬೇಕು. ಕರುಣಾ ನನ್ನ ತೋಳಿಗೆ ಚುರ್ರೆನ್ನುವಂತೆ ಚಿವುಟಿ, "ಅಕ್ಕಾ, ಎಚ್ಚರ ಅದೀರಿಲ್ಲೋ?" ಎಂದು ಪಿಸುಗುಟ್ಟಿದಳು.

ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಪ್ರಾರ್ಥಿಸುವ ಮಹಾಭಕ್ತರೇ, ನಿಮ್ಮನ್ನು ಚಿವುಟುವವರು ಯಾರಿದ್ದಾರೆ?