ಅರಿಶಿಣದ ಹೆಬ್ಬೆಟ್ಟು

ಕಂಪ್ಲಿಯ ಅಕ್ಕಿಗಿರಣಿ ಅಂದಾನಪ್ಪನಿಗೆ ಹಳೇ ನೋಟುಗಳ ಹುಚ್ಚು. ನೋಟಿನ ಮೇಲೆ ಪಿನ್ನಿನ ತೂತು, ಎಣ್ಣೆಕಲೆ ಕಂಡರೆ ಅನ್ನದಲ್ಲಿ ಕಲ್ಲು ಕಡಿದವನಂತೆ ಮುಖ ಹಿಂಡುತ್ತಿದ್ದ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೆಂಡತಿ ತಿಜೋರಿಗೆ ಎಷ್ಟು ಬೇಕಾದರೂ ಅರಿಶಿಣ ಹಚ್ಚಲಿ, ನೋಟಿನ ಆಲ್ಬಮ್ ಮಾತ್ರ ಅವನ ಬಗಲಲ್ಲೇ ಇರಬೇಕು.

ಗಿರಣಿಯಲ್ಲಿ ನುಚ್ಚು ಕೇರುವ ಉಚ್ಚೆಂಗಮ್ಮ ಒಂದು ದಿನ ಸೆರಗಿನ ಗಂಟು ಬಿಚ್ಚಿ ನೋಟೊಂದನ್ನು ಅವನ ಮುಂದಿಟ್ಟಳು.

"ಇದು ಖರೇನ ನಿಜಾಮರ ಕಾಲದ್ದೇನ್ರಿ ಸಾವ್ಕಾರ್ರ? ಮೊಮ್ಮಗಳು ಸುಳ್ಳಂತಾಳ."

ಹೊಳೆಯಾಚೆ ನಿಜಾಮರ ಸರ್ಕಾರವಿದ್ದಾಗ ಓಡಾಡಿದ ಹತ್ತು ರೂಪಾಯಿ. ಉರ್ದುವಿನ ಜೊತೆ ಪುಟ್ಟ ಕನ್ನಡ ಅಕ್ಷರ. ಅಂಚು ಹರಿದಿಲ್ಲ, ನಡುವೆ ಮಾತ್ರ ಹಳದಿ ಕಲೆ. ಅಂದಾನಪ್ಪನಿಗೆ ಬಾಯಲ್ಲಿ ನೀರೂರಿತು.

"ಖರೇನ ಐತಿ. ನನ್ನ ಹಂತ್ಯಾಕ ಇರ್ಲಿ, ಸಂತಿ ದಿನ ಒಯ್ಯುವಂತಿ. ಒಂದು ಚಲೋ ಕೆಲಸ ಮಾಡಿಕೊಡ್ತೀನಿ."

ಅರಿಶಿಣದ ಕಲೆ ಸಾಬೂನಿಗೆ ಜಗ್ಗದಿದ್ದರೂ ಬಿಸಿಲಿಗೆ ಹೋಗುತ್ತದೆಂದು ಪಂಚೆ ಉಡುವವರಿಗೆಲ್ಲ ಗೊತ್ತು. ನೋಟನ್ನು ಎರಡು ಗಾಜಿನ ನಡುವೆ ಇಟ್ಟು ಮಾಳಿಗೆಯ ಮೇಲೆ ಒಣಹಾಕಿದ.

ಸಂತೆಯ ದಿನ ಮೀಸೆಯಡಿ ನಗುತ್ತ ನೋಟನ್ನು ಅವಳತ್ತ ಚಾಚಿದ. "ನೋಡು. ಕಲೆ ಇದ್ದ ಜಾಗ ಹುಡುಕು ನೋಡೋಣ."

ಅವಳು ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು.

"ಹೆಬ್ಬೆಟ್ಟು ಎಲ್ಲೋತ್ರಿ?"

"ಯಾವ ಹೆಬ್ಬೆಟ್ಟು?"

"ನಮ್ಮವ್ವಂದು. ನನ್ನ ಮದುವ್ಯಾಗ ಉಡಿ ತುಂಬುವಾಗ ಅರಿಶಿಣದ ಕೈಲೇ ಈ ನೋಟು ಇಟ್ಟಿದ್ಲು. ನಡಿಯೋ ನೋಟು ಕೊಟ್ರ ಅಳಿಯ ಸೆರೆ ಕುಡ್ಯಾಕ ಹಾಕ್ತಾನ, ಬಂದಾದ ನೋಟು ನಿನಗ ಉಳೀತೈತಿ ಅಂದಿದ್ಲು. ಆಕೀದು ಒಂದು ಫೋಟೋ ಸೈತ ಇಲ್ರಿ."

ಅಂದಾನಪ್ಪ ಕನ್ನಡಕ ತೆಗೆದು ಒರೆಸಿದ. ಅದು ಮೊದಲೇ ಸ್ವಚ್ಛವಾಗಿತ್ತು. ಭತ್ತದ ಚೀಲ ಇಳಿಸಿಕೊಳ್ಳುವ ಮುಂಚೆ ಯಾವ ಹೊಲ, ಯಾವ ತಳಿ, ಎಂದು ಕೊಯ್ದದ್ದು ಎಂದು ತಲೆ ತಿನ್ನುವವನು, ಈ ಕಲೆ ಯಾರದೆಂದು ಒಂದು ಮಾತು ಕೇಳಿರಲಿಲ್ಲ.

"ತಪ್ಪಾತವ್ವ" ಎಂದ. ಕೂಲಿಯವಳೊಬ್ಬಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅದು ನೆನಪಾಗಿ ಇನ್ನಷ್ಟು ಕುಗ್ಗಿದ.

ಉಚ್ಚೆಂಗಮ್ಮ ಬೈಯಲಿಲ್ಲ. ನೋಟನ್ನು ಮೇಜಿನ ಮೇಲಿಟ್ಟು ಅವನತ್ತ ಸರಿಸಿದಳು.

"ನೀವ ಇಟ್ಕೊಳ್ರಿ. ಅವ್ವ ಕೊಟ್ಟಾಗ ಇದು ನಡೀತಿರಲಿಲ್ಲ. ನೀವು ನಡೆಯಂಗ ಮಾಡೀರಿ. ರೊಕ್ಕ ಕೊಡ್ರಿ."

ಅವನು ಕೊಟ್ಟದ್ದು ಪೇಟೆಯ ದರಕ್ಕಿಂತ ಹೆಚ್ಚು. ಅವಳು ಎಣಿಸಲೂ ಇಲ್ಲ, ನುಚ್ಚು ಕೇರಲು ಹೋದಳು.

ಮುಂದೊಂದು ದಿನ ಹೊಸಪೇಟೆಯ ಗೆಳೆಯ ಮನೋಹರ ಆಲ್ಬಮ್ ನೋಡಲು ಬಂದ. ನಿಜಾಮರ ನೋಟುಗಳು ಬಂದಾಗ ಅಂದಾನಪ್ಪನ ಬೆರಳು ಎರಡು ಹಾಳೆಗಳನ್ನು ಒಟ್ಟಿಗೇ ಮಗುಚಿತು.

"ಅಲ್ಲೊಂದು ಹಾಳಿ ಬಿಟ್ರಲ್ಲ?"

"ಅಂಟಿಕೊಂಡೈತಿ, ಬಿಡು" ಎಂದ ಅಂದಾನಪ್ಪ, ತಲೆ ಎತ್ತದೆ.